ಚಪ್ಪಲಿಯ ಸದ್ದು

ಮಗನೇ,

ನನಗೆ ಇವತ್ತೂ ರಜೆ ಕೊಡಲಿಲ್ಲ, ಹೊಲಿಗೆ ಕಾರ್ಖಾನೆಗೆ ಹೊರಟೆ. ಆಸ್ಪತ್ರೆಯಲ್ಲಿ ಕಾಲಿಗೆ ಕಟ್ಟಿ ನಡೆಸುವ ರೋಬೋಟ್ ಮೆಷಿನ್ನಿಗೆ ಅಪ್ಪನನ್ನು ನೀನೇ ಕರೆದುಕೊಂಡು ಹೋಗಬೇಕು. ತಡ ಮಾಡಬೇಡ, ನಿನ್ನ ಫೋನು ಎಲ್ಲಿಗೂ ಓಡಿಹೋಗುವುದಿಲ್ಲ.

ಸಡಿಲವಾದ ಪ್ಯಾಂಟು ಕುರ್ಚಿಯ ಮೇಲಿದೆ. ಎಡತೊಡೆಗೆ ಮೆಷಿನ್ನಿನ ಪಟ್ಟಿ ಬಿಗಿಯುವಾಗ ಅದರ ಕೆಳಗೆ ಮೆತ್ತನೆಯ ಬಟ್ಟೆ ಇಡಿಸು. ಪಾರ್ಶ್ವವಾಯು ಹೊಡೆದ ಮೇಲೆ ಆ ಕಾಲಿಗೆ ಸ್ಪರ್ಶವೇ ಇಲ್ಲ, ಉಜ್ಜಿ ರಕ್ತ ಬಂದರೂ ಅವರಿಗೆ ತಿಳಿಯುವುದಿಲ್ಲ.

ಹೊಗಳಲು ಹೋಗಬೇಡ. "ಎಷ್ಟು ಚೆನ್ನಾಗಿ ನಡೀತಿದ್ದೀರಿ ನೋಡಿ" ಅಂತ ಮೊದಲ ದಿನ ನಾನಂದದ್ದಕ್ಕೆ, "ನಡೀತಿರೋದು ಮೆಷಿನ್ನು ಕಣೇ, ನಾನಲ್ಲ" ಅಂದುಬಿಟ್ಟರು. ನೀನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿರು. ಪಟ್ಟಿ ಬಿಚ್ಚಿ ಮತ್ತೆ ಗಾಲಿಕುರ್ಚಿಗೆ ಕೂರಿಸಿದಾಗ ಮಾತ್ರ ಅವರ ಮುಖ ನೋಡಬೇಡ, ಕಿಟಕಿಯ ಕಡೆ ತಿರುಗಿ ನಿಲ್ಲು. ಸ್ವಲ್ಪ ಹೊತ್ತಾದ ಮೇಲೆ "ಹೋಗೋಣ" ಅಂತ ಅವರೇ ಹೇಳುತ್ತಾರೆ.

ಅಡುಗೆ ಮುಚ್ಚಿಟ್ಟಿದ್ದೇನೆ. ಮೊದಲು ಅವರಿಗೆ ಬಡಿಸು.

ಇನ್ನೊಂದು ಮಾತು, ಸಿಟ್ಟಾಗಬೇಡ. ನೀನೂ ಥೇಟ್ ಅಪ್ಪನ ಹಾಗೇ ಚಪ್ಪಲಿ ಎಳೆದುಕೊಂಡು ನಡೆಯುತ್ತೀಯ. ನಿನ್ನೆ ಸಂಜೆ ನೀನು ಮೆಟ್ಟಿಲು ಹತ್ತುವ ಸದ್ದಿಗೆ, ಅವರು ಕೆಲಸದಿಂದ ಬಂದರು ಅಂತ ಒಲೆ ಬಿಟ್ಟು ಬಾಗಿಲಿಗೆ ಓಡಿದೆ. ತಿರುಗಿ ನೋಡಿದರೆ ಮಂಚದ ಮೇಲಿದ್ದ ಅವರೂ, ತಮ್ಮ ದಾರಿಯನ್ನು ತಾವೇ ಕಾಯುವವರ ಹಾಗೆ, ಬಾಗಿಲನ್ನೇ ನೋಡುತ್ತಿದ್ದರು.

ನಿನ್ನ ದಮ್ಮಯ್ಯ ಅಂತೀನಿ ಕಂದ, ಇನ್ನು ಮೇಲೆ ಕಾಲೆತ್ತಿ ಬಾ.

ಅಮ್ಮ