ಚೆಂಡುಹೂವಿನ ಮೇಲಿನ ನೊಣ

ಕೊಟ್ಟೂರು, ೧೯೮೨

ನಾಗೇಂದ್ರಪ್ಪ ಮಾಸ್ತರೆ,

ನೀವು ಬರೆದ ಸಂತೆಯ ಚಿತ್ರಕ್ಕೆ, ನೀವು ತೀರಿಕೊಂಡ ಮೇಲಾದರೂ ಕಾಲೇಜಿನ ಗೋಡೆ ಸಿಕ್ಕಿತು. ಇವತ್ತು ಪರದೆ ಸರಿಸಿದರು. ಚಿತ್ರದಲ್ಲಿ ಒಣಮೀನು ಮಾರುತ್ತ ಕೂತಿದ್ದ ನಿಮ್ಮವ್ವನ ಬುಟ್ಟಿಯ ತುಂಬ ಈಗ ಚೆಂಡುಹೂವು.

"ಇದೇನ್ರಿ ಸೋಮಪ್ಪ?" ಎಂದೆ, ಸಮಿತಿಯ ಕಾರ್ಯದರ್ಶಿಗೆ.

"ಸರಸ್ವತಿ ಇರೋ ಜಾಗದಾಗ ಮೀನ ಚಲೋ ಕಾಣಂಗಿಲ್ರಿ. ಬೋರ್ಡ್ ಬರಿಯೋ ಹುಲುಗಣ್ಣನ ಕೈಲೆ ತಿದ್ದಿಸೀವಿ. ಮಾಸ್ತರು ಇದ್ದಿದ್ರ ಹೂಂ ಅಂತಿದ್ರು ಬಿಡ್ರಿ."

ಹೂ ಇಟ್ಟವರು ಅವರು, ಹೂಂ ಅನ್ನಬೇಕಾದವರು ನೀವು.

ಹುಲುಗಣ್ಣ ಮೀನು ಅಳಿಸಿದನೇ ಹೊರತು ಅವ್ವನ ಕೈಯ ಬೇವಿನ ಸೊಪ್ಪನ್ನಾಗಲಿ, ನೊಣಗಳನ್ನಾಗಲಿ ಮುಟ್ಟಿಲ್ಲ. ಅವಳೀಗ ಹೂವಿನ ಮೇಲಿನ ನೊಣ ಓಡಿಸುತ್ತ ಕೂತಿದ್ದಾಳೆ.

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ನಾನೂ ತಟ್ಟಿದೆ, ಮಾಸ್ತರೆ. ನೊಣ ಹೊಡೆದೆ ಎಂದುಕೊಳ್ಳಿ.

ಮಂಜಣ್ಣ