ದಿಂಬಿನ ಕವರಿನಲ್ಲಿ ಇಪ್ಪತ್ತಮೂರು ಗುಂಡಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ ಆರು

ಟೀ ಆರುತ್ತಾ ಇದೆ. ಡ್ಯೂಟಿ ಏಳಕ್ಕೆ. ಇವಳು ಆಗಲೇ ಹೊಲಿಗೆ ಮೆಷಿನ್ ಮೇಲೆ ಪುಸ್ತಕ ಹರವಿಕೊಂಡು ಕೂತಿದ್ದಾಳೆ. ಹಾಳೆ ಹಾರದ ಹಾಗೆ ಕತ್ತರಿ ಇಟ್ಟಿದ್ದಾಳೆ. ನಲವತ್ತೇಳನೇ ವಯಸ್ಸಿಗೆ ಬಿ.ಎ.! ಮನೆಯಲ್ಲೇ ಓದಿ. ರಾಜ್ಯಶಾಸ್ತ್ರ ಒಂದೇ ಪೇಪರ್ ಬಾಕಿ, ಎರಡು ಸಲ ಹೋಗಿದೆ. ಮೂರನೇ ಸಲವೂ ಹೋದರೆ ಮುಗಿಯಿತು, ಮತ್ತೆ ಕೂರಿಸಲ್ಲ. ಪರೀಕ್ಷೆ ಏಪ್ರಿಲ್ ಹದಿಮೂರು.

ಈ ನೋಟ್‌ಬುಕ್ ಅವಳದೇ. ಮುಂದಿನಿಂದ ಅವಳ ನೋಟ್ಸು. ತಿರುವಿ ಹಿಡಿದರೆ ಹಿಂದಿನಿಂದ ನನ್ನದು. ಒಪ್ಪಂದ ಏನು — ಅವಳ ಕಡೆ ನಾನು ನೋಡೋ ಹಾಗಿಲ್ಲ, ನನ್ನ ಕಡೆ ಅವಳು. ನಾನು ಏಳನೇ ಕ್ಲಾಸು ಫೇಲು. ನೋಡಿದರೂ ಅರ್ಥ ಆಗಲ್ಲ. ಸೇಫ್.

ಈಗಷ್ಟೇ ಕೇಳಿದಳು, "ರೀ, ಲಾಂಡ್ರಿಯೋರು ನಿಮ್ಮನ್ನ ಲೀಡರ್ ಮಾಡಿದ್ದು ಹೇಗೆ?"

"ಹೇಗೆ ಅಂದ್ರೆ? ಹದಿನಾರು ವರ್ಷದಿಂದ ನಾನೇ."

"ಅದೇ, ಹೇಗೆ?"

"ವರ್ಷಕ್ಕೊಂದ್ಸಲ ಸ್ಟೂಲ್ ಹತ್ತಿ ನಿಲ್ತೀನಿ. ನಾನು ಬೇಡ ಅನ್ನೋರು ಕೈ ಎತ್ರಪ್ಪ, ಎತ್ತಿದ ಕೈಗೆ ನಾಳೆ ಒದ್ದೆ ಕಂಬಳಿ ಅಂತೀನಿ. ಎಲ್ಲಾ ನಗ್ತಾರೆ. ಮುಗೀತು ಎಲೆಕ್ಷನ್ನು."

ಅವಳು ನಗಲಿಲ್ಲ. "ಬೇಡ ಅನ್ನೋಕೆ ಆಗದ ಕಡೆ ಬೇಕು ಅಂದಿದ್ದಕ್ಕೆ ಬೆಲೆ ಇಲ್ಲ ಅಂತ ಇದೆ ಇಲ್ಲಿ."

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಕಣೇ."

"ಒಕ್ಕಾಲು ಸೇರದೆ ಮುಕ್ಕಾಲು ಪೂರ್ತಿ ಆಗುತ್ತಾ?"

ಟೀ ಆರಿ ತಣ್ಣಗಾಯಿತು.

ಮಾರ್ಚ್ 4, ಮಂಗಳವಾರ

ಅವಳ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿದೆ. ಮೌನಿ ಜೊತೆ ಆಸ್ಪತ್ರೆ ಬೆಡ್‌ಶೀಟ್ ಮಡಚುತ್ತಾ ಅದೇ ಯೋಚನೆ. ಮಡಚೋದು ಇಬ್ಬರ ಕೆಲಸ. ಆ ತುದಿ ಅವಳು, ಈ ತುದಿ ನಾನು. ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಹನ್ನೊಂದು ವರ್ಷದಿಂದ ಅವಳೇ ನನ್ನ ಜೋಡಿ. ಹ್ಞೂಂ, ಊಹ್ಞೂಂ — ಅವಳ ಹತ್ತಿರ ಇರೋದೇ ಎರಡು ಪದ. ಮೌನಿ ಅಂತ ಹೆಸರಿಟ್ಟವನು ನಾನೇ. ನಾನು ಮಾತಾಡೋದು, ಅವಳು ಕೇಳೋದು. ಒಳ್ಳೆ ಕಂಪನಿ.

ಸಂಜೆ ಇವಳಿಗೆ ಹೇಳಿದೆ, "ಆಯ್ತು, ಗುಟ್ಟಿನ ಓಟೇ ಹಾಕಿಸ್ತೀನಿ. ಇಪ್ಪತ್ತಮೂರಕ್ಕೆ ಇಪ್ಪತ್ತಮೂರು ಬರುತ್ತೆ. ಆಮೇಲೆ ನಿನ್ನ ಪುಸ್ತಕದೋರಿಗೆ ಕಾಗದ ಬರಿ, ತಿದ್ಕೊಳ್ಲಿ."

ಗುಂಡಿ ಡಬ್ಬ ಸುರಿದಳು. ಬಿಳಿ ಇಪ್ಪತ್ತಮೂರು, ಕಪ್ಪು ಇಪ್ಪತ್ತಮೂರು ಆರಿಸಿ ಕೊಟ್ಟಳು.

ಮಾರ್ಚ್ 7, ಶುಕ್ರವಾರ. ಸಂಜೆ

ಎಲ್ಲರಿಗೂ ಒಂದು ಬಿಳಿ, ಒಂದು ಕಪ್ಪು. ಬಿಳಿ ಅಂದರೆ ನಾನೇ ಇರಲಿ. ಕಪ್ಪು ಅಂದರೆ ಬೇರೆಯವರು. ದಿಂಬಿನ ಕವರಿಗೆ ಕೈ ಹಾಕಿ ಒಂದು ಗುಂಡಿ ಬಿಡೋದು, ಉಳಿದದ್ದು ಇನ್ನೊಂದು ಕವರಿಗೆ.

ಟೇಬಲ್ ಮೇಲೆ ಸುರಿದೆ. ಕವರ್ ಅದಲು ಬದಲಾಯಿತು ಅಂದುಕೊಂಡೆ. ಇಲ್ಲ.

ಬಿಳಿ ಒಂಬತ್ತು. ಕಪ್ಪು ಹದಿನಾಲ್ಕು.

"ಲೋ, ಕರೆಂಟ್ ಹೋಯ್ತೇನ್ರೋ, ಬರೀ ಕಪ್ಪು ಕಾಣ್ತಿದೆ!" ಅಂದೆ. ಯಾರೂ ನಗಲಿಲ್ಲ.

ಬಾಯ್ಲರ್‌ನವನೇ ಬಾಯಿ ಬಿಟ್ಟ. ನನ್ನ ಡಬ್ಬಿಯಲ್ಲಿ ಊಟ ಮಾಡುವವನು. "ಅಣ್ಣಾ, ಫ್ಯಾನ್ ವಿಷಯ ಎಷ್ಟ್ ಸಲ ಹೇಳಿದ್ವಿ?"

ಇಸ್ತ್ರಿ ರೋಲರ್ ಮೇಲಿನ ದೊಡ್ಡ ಫ್ಯಾನು. ಎರಡು ಬೇಸಿಗೆಯಿಂದ ತಿರುಗಿಲ್ಲ.

"ನಾಲ್ಕು ಸಲ ಮ್ಯಾನೇಜರ್ ಹತ್ರ ಹೋದೆನಲ್ಲೋ!"

"ಹೋದ್ರಿ. ಒಳಗಿಂದ ನಗು ಕೇಳಿಸ್ತು. ಮ್ಯಾನೇಜರ್ ಕಣ್ಣೊರೆಸ್ಕೊಳ್ತಾ ಬಾಗಿಲವರೆಗೂ ಬಂದು ಕಳ್ಸಿದ್ರು. ಫ್ಯಾನು ಅಲ್ಲೇ ಉಳೀತು. ನಿಮ್ಮ ಹತ್ರ ಕಷ್ಟ ಹೇಳ್ಕೊಂಡ್ರೆ ನಮ್ಮನ್ನೂ ನಗ್ಸಿ ಕಳಿಸ್ತೀರಿ. ಅದಕ್ಕೇ ಎಲ್ರೂ ಅಕ್ಕನ ಹತ್ರ ಹೇಳ್ಕೊಳ್ತೀವಿ."

ಅಕ್ಕ ಅಂದರೆ ಮೌನಿ. ಅವಳೇ ಆಗಲಿ ಅಂತ ಕೈಗಳು ಮೇಲೆ ಹೋದವು. ನಾನೂ ಎತ್ತಿದೆ. ಎತ್ತದೆ ಎಲ್ಲಿಗೆ ಹೋಗಲಿ. ಸ್ಟೂಲ್ ಒರೆಸಿ ಅವಳ ಮುಂದೆ ಇಟ್ಟು ಬಂದೆ.

ಬಾಗಿಲಲ್ಲೇ ಇವಳು, "ಎಷ್ಟು ಬಂತ್ರೀ?"

"ನಿನ್ನ ಪುಸ್ತಕ ನನ್ನ ಹದಿನಾರು ವರ್ಷ ತಿಂದು ನೀರು ಕುಡೀತು."

ತಮಾಷೆಗೆ ಅಂದದ್ದಲ್ಲ. ಅವಳಿಗೂ ಗೊತ್ತಾಯಿತು. ಪುಸ್ತಕ ಮುಚ್ಚಿದಳು. ಗುಂಡಿ ಡಬ್ಬದ ಕೆಳಗೆ ಇಟ್ಟಳು.

ಮಾರ್ಚ್ 8

ಏನಿಲ್ಲ.

ಮಾರ್ಚ್ 24, ಸೋಮವಾರ

ಪುಸ್ತಕ ಇನ್ನೂ ಡಬ್ಬದ ಕೆಳಗೇ. ಪರೀಕ್ಷೆಗೆ ಇಪ್ಪತ್ತು ದಿನ. "ಓದೇ" ಅಂದರೆ "ಹೊಲಿಗೆ ಬಿದ್ದಿದೆ" ಅಂತಾಳೆ. ಇವತ್ತು ಇನ್ನೂ ಒಂದು ಹೆಜ್ಜೆ ಮುಂದೆ — "ಓದಿ ಗಂಡನ್ನ ಸೋಲಿಸಿದ್ದು ಸಾಕು ಬಿಡಿ."

ನನ್ನ ನಾಲಿಗೆ ಕತ್ತರಿಸಿ ಅವಳ ಪುಸ್ತಕಕ್ಕೆ ಗುರುತಿಗೆ ಇಡಬೇಕು.

ಲಾಂಡ್ರಿಯಲ್ಲಿ ನಾನೂ ಬಾಯಿ ಹೊಲಿದುಕೊಂಡಿದ್ದೆ. ಎರಡು ವಾರ ಒಂದು ಮಾತಿಲ್ಲದೆ ಮಡಚಿದ್ದೇನೆ. ಇವತ್ತು ಮೌನಿ ಮೂಲೆಗೆ ಮೂಲೆ ಸೇರಿಸಿದವಳು ಹಿಂದೆ ಸರಿಯಲಿಲ್ಲ.

"ಮಾತಾಡಿ" ಅಂದಳು.

"ಏನ್ ಮಾತಾಡ್ಲಿ?"

"ಏನಾದ್ರೂ. ನೀವು ಸುಮ್ನಿದ್ರೆ ಶೀಟು ಭಾರ ಆಗುತ್ತೆ."

ಹನ್ನೊಂದು ವರ್ಷದಲ್ಲಿ ಅವಳು ಮಾಡಿದ ಅತಿ ಉದ್ದದ ಭಾಷಣ. ಧೈರ್ಯ ಬಂತು, ಕೇಳಿಯೇಬಿಟ್ಟೆ — "ಅವತ್ತು ನೀನು ಹಾಕಿದ್ದು ಕಪ್ಪೋ ಬಿಳೀನೋ?"

"ಗುಟ್ಟಿನ ಓಟು" ಅಂದಳು.

ಏಪ್ರಿಲ್ 2, ಬುಧವಾರ

ಫ್ಯಾನ್ ತಿರುಗಿತು!

ಮೌನಿ ಮ್ಯಾನೇಜರ್ ಹತ್ತಿರ ಹೊರಟಳು, ನನ್ನನ್ನೂ ಕರೆದಳು. ಬಾಗಿಲಲ್ಲಿ ನಿಂತು, "ನಾನು ಹೇಳೋವರೆಗೂ ನಗಿಸ್ಬೇಡಿ."

ಒಳಗೆ ಹೋಗಿ ಕೂತಳು. "ಫ್ಯಾನ್" ಅಂದಳು. ಅಷ್ಟೇ. ಮ್ಯಾನೇಜರ್ ಮುಂದಿನ ತಿಂಗಳು ಅಂದರು. ಕೂತೇ ಇದ್ದಳು. ಮೇಲಿನವರು ಬಜೆಟ್ ಕೊಡಲ್ಲ ಅಂದರು. ಕೂತೇ ಇದ್ದಳು. ನನ್ನ ನೋಡಿದರು, ಏನಾದರೂ ಹೇಳಪ್ಪ ಅನ್ನೋ ಹಾಗೆ. ಮೂರು ಜೋಕು ಗಂಟಲಿಂದ ಎದ್ದು ಬಂದು ಹಲ್ಲಿಗೆ ಬಡಿದು ವಾಪಸ್ ಹೋದವು. ಗೋಡೆ ಗಡಿಯಾರ ನೋಡಿದೆ, ಹನ್ನೊಂದು ನಿಮಿಷ! ಕೊನೆಗೆ ಮ್ಯಾನೇಜರ್ ಹಣೆ ಒರೆಸಿಕೊಂಡು ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಿದರು.

ಆಗ ನನ್ನ ಕಡೆ ತಿರುಗಿ, "ಈಗ" ಅಂದಳು.

ಒಂದು ಬಿಟ್ಟೆ. ಅಳೋ ಹಾಗಿದ್ದವರು, ಪಾಪ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನೆಗೆ ಬಂದು ಇವಳಿಗೆ ಪೂರ್ತಿ ಆಡಿ ತೋರಿಸಿದೆ. ಮ್ಯಾನೇಜರೂ ನಾನೇ, ಮೌನಿಯೂ ನಾನೇ. ಓಟಿನ ದಿನದ್ದೂ ಹೇಳಿದೆ, ಆವರೆಗೆ ಹೇಳಿರಲಿಲ್ಲ — ಕೈ ಎತ್ತಿದ್ದು, ಸ್ಟೂಲ್ ಒರೆಸಿದ್ದು. ಮೆಷಿನ್ ನಿಲ್ಲಿಸಿ ಕೇಳಿದಳು.

"ನೀವ್ಯಾವ ಗುಂಡಿ ಹಾಕಿದ್ರಿ?"

"ಬಿಳಿ. ಇನ್ನೊಂದಿದ್ರೆ ಅದನ್ನೂ ಹಾಕ್ತಿದ್ದೆ. ನೀನೇ ಲೆಕ್ಕ ಹಾಕಿ ಕೊಟ್ಟಿದ್ದೆ."

ನಕ್ಕಳು. ಆಮೇಲೆ ಮೆಲ್ಲಗೆ, "ನೋವಿಲ್ವಾ?"

"ಇದೆ. ಮಂಡಿ ನೋವಿನ ಹಾಗೆ. ಮೆಟ್ಟಿಲು ಹತ್ತುವಾಗ."

ಡಬ್ಬ ಸರಿಸಿ ಪುಸ್ತಕ ತೆಗೆದೆ. ಮೆಷಿನ್ ಮೇಲೆ ಇಟ್ಟು ಕತ್ತರಿಯನ್ನೂ ಇಟ್ಟೆ. "ನಿನ್ನ ಒಕ್ಕಾಲು ಇಲ್ದಿದ್ರೆ ಆ ಫ್ಯಾನ್ ಈ ಜನ್ಮದಲ್ಲಿ ತಿರುಗ್ತಿರ್ಲಿಲ್ಲ. ಓದೇ ಮಾರಾಯ್ತಿ."

ಕತ್ತರಿ ತೆಗೆದು ನನ್ನ ಕೈಗೆ ಕೊಟ್ಟಳು. "ದಾರ ಕತ್ತರಿಸ್ತಾ ಕೂತ್ಕೊಳ್ಳಿ, ಹಾಗಾದ್ರೆ."

ಕತ್ತರಿಸಿದೆ. ಎರಡು ಕಾಲರ್ ಹಾಳು ಮಾಡಿದೆ.

ಏಪ್ರಿಲ್ 13, ಭಾನುವಾರ. ಹನ್ನೆರಡೂ ಮುಕ್ಕಾಲು

ಪರೀಕ್ಷೆ ಕಟ್ಟಡದ ಎದುರಿನ ಕಟ್ಟೆ. ಗೇಟಿನವರೆಗೂ ಓದುತ್ತಾ ಬಂದು ನೋಟ್‌ಬುಕ್ ನನ್ನ ಕೈಗೆ ತುರುಕಿ ಒಳಗೆ ಹೋದಳು. ಅವಳು ಹೋಗಿ ಮೂರು ಗಂಟೆ ಹೊತ್ತಾಗುತ್ತಾ ಬಂತು. ಇಷ್ಟು ಹೊತ್ತು ನಾನು ಯಾರನ್ನೂ ನಗಿಸದೆ ಕೂತದ್ದು ಇದೇ ಮೊದಲು.

ಹಾಳೆ ಮುಗಿಯುತ್ತಾ ಇದೆ. ಇದೇ ಕೊನೇದು. ಎದುರಿನ ಪುಟ ಅವಳದು, ನನಗೆ ತಲೆಕೆಳಗೆ ಕಾಣುತ್ತಿದೆ. ಒಪ್ಪಂದ ನೆನಪಿದೆ. ಆದರೆ ತಲೆಕೆಳಗೆ ಓದಿದರೆ ಓದಿದ ಹಾಗಲ್ಲ.

ಪ್ರಶ್ನೆ ಬರೆದುಕೊಂಡಿದ್ದಾಳೆ — ರಾಜಕೀಯ ಸಿದ್ಧಾಂತಕ್ಕೂ ಆಚರಣೆಗೂ ಇರುವ ಸಂಬಂಧ ವಿವರಿಸಿ. ಕೆಳಗೆ ಉತ್ತರ. ಅರ್ಧ ನನಗೆ ಅರ್ಥ ಆಗಲಿಲ್ಲ. ಕೊನೆಯದು ಆಯಿತು. "ಗುಟ್ಟಿನ ಮತ ಏಕೆ ಬೇಕೆಂದು ಪುಸ್ತಕ ಹೇಳುತ್ತದೆ. ಸೋತ ಮೇಲೆ ಗೆದ್ದವರಿಗಾಗಿ ಕೈ ಎತ್ತುವುದು ಹೇಗೆಂದು ಹೇಳುವುದಿಲ್ಲ. ಅದನ್ನು ನಾನು ಕಲಿತದ್ದು ನನ್ನ ಗಂಡ" — ನನ್ನ ಗಂಡ ಅನ್ನೋದನ್ನ ಗೀಚಿ ಹಾಕಿ ಮೇಲೆ ತಿದ್ದಿದ್ದಾಳೆ — "ಒಬ್ಬ ಕಾರ್ಮಿಕ ನಾಯಕರಿಂದ."

ನಾಯಕರಂತೆ.

ಕಣ್ಣಿಗೆ ಏನೋ ಬಿತ್ತು. ಧೂಳು ಜಾಸ್ತಿ ಈ ರಸ್ತೆಯಲ್ಲಿ.

ಬೆಲ್ ಆಯಿತು. ಗೇಟ್ ತೆಗೆದರು. ಎಲ್ಲಾ ಹುಡುಗ ಹುಡುಗಿಯರು... ಅಗೋ, ಮಧ್ಯದಲ್ಲಿ ಇವಳು. ಮುಖ ಕಾಣ್ತಿಲ್ಲ ಇನ್ನೂ. ಒಂದೇ ಗೆರೆ ಜಾಗ ಉಳಿದಿದೆ — ನನ್ನ ನೋಡಿದಳು — ನಗ್ತಾ ಕೈ ಎತ್ತಿ