ಮೂಗು ಸೋರುತ್ತಿದ್ದ ದಿನದ ಚುಚ್ಚುಮದ್ದು

ಅಮ್ಮಾ,

ನೀನು ಬದುಕಿದ್ದರೆ ಇದನ್ನು ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ. ಇವತ್ತು ಮಗಳಿಗೆ ದಡಾರದ ಚುಚ್ಚುಮದ್ದು ಹಾಕಿಸಲು ಹೋಗಿದ್ದೆವು. ಬೆಳಗ್ಗೆಯಿಂದ ಅವಳ ಮೂಗು ಸೋರುತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ನಿನ್ನ ಹಾಗೆಯೇ ಅವಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

"ಶೀತ ಇಳೀಲಿ, ಮುಂದಿನ ವಾರ ಬರೋಣ" ಎಂದರು ನಿನ್ನ ಅಳಿಯ.

ತಮ್ಮನ ಚುಚ್ಚುಮದ್ದನ್ನು ನೀನು ಮುಂದೂಡುತ್ತಿದ್ದುದೂ ಇದೇ ಮಾತು ಹೇಳಿ.

"ಇಷ್ಟು ಶೀತಕ್ಕೆಲ್ಲ ಏನೂ ಆಗಲ್ಲಮ್ಮ. ಹಾಕ್ಲಾ, ಬೇಡ್ವಾ?" ಎಂದಳು ನರ್ಸ್.

"ಹಾಕಿ" ಎಂದು ಕಿರುಚಿಯೇ ಬಿಟ್ಟೆ.

ಮಗಳು ಸೂರು ಹಾರಿಹೋಗುವಂತೆ ಅತ್ತಳು. ನಾನು ಸುಮ್ಮನಿರಿಸಲಿಲ್ಲ, ಕೇಳುತ್ತಾ ನಿಂತೆ. ದಡಾರ ಬಂದ ತಮ್ಮ ಕೊನೆಕೊನೆಗೆ ಅಳುವುದನ್ನೂ ಬಿಟ್ಟಿದ್ದನಲ್ಲ, ಅಮ್ಮಾ. ನೀನು ಆಗಲೂ ಅವನ ಹಣೆಯಿಂದ ಕೈ ತೆಗೆದಿರಲಿಲ್ಲ.